ಭಾಗವತರಿಲ್ಲದ ಕಟಕಟೆ

ಕಳೆದ ತಿಂಗಳು ಕೊಲ್ಲಿನಾಡಿನ ಅಲ್ ನಹ್ದಾ ಬಡಾವಣೆಯ ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ, ಟವೆಲುಗಳ ನಡುವೆ, ಇಂಗ್ಲೆಂಡಿನ ಒಬ್ಬ ಕಪ್ತಾನನ ಕೊರಳಪಟ್ಟಿ ಒಣಗುತ್ತಿತ್ತು. ಹಳೆಯ ಚಿತ್ರಗಳಲ್ಲಿ ನೀವೂ ಕಂಡಿರುತ್ತೀರಿ, ತಲೆಯನ್ನು ತಟ್ಟೆಯಲ್ಲಿಟ್ಟು ಬಡಿಸಿದಂತೆ ಕಾಣುವ ಆ ನೆರಿಗೆ ನೆರಿಗೆಯ ಬಿಳಿ ಚಕ್ರ. ನನ್ನಾಕೆ ಶಶಿಕಲಾ ನನ್ನ ಒಳ್ಳೆಯ ಪಂಚೆಯೊಂದನ್ನು ಕತ್ತರಿಸಿ, ನೆರಿಗೆ ಹಿಡಿದು ಹೊಲಿದು, ಕುಚ್ಚಲಕ್ಕಿಯ ಗಂಜಿತಿಳಿಯಲ್ಲಿ ಅದ್ದಿ ಅದನ್ನು ಸಿದ್ಧಪಡಿಸಿದ್ದಳು. ಭೂಮಂಡಲವನ್ನೇ ಸುತ್ತಿದ ಆ ಮಹಾಶಯನ ಕೊರಳಿಗೆ ಗಂಜಿಯ ಪರಿಮಳ ಅದೇ ಮೊದಲು ಹತ್ತಿದ್ದು.

ಸಂಗತಿ ಇಷ್ಟೇ. ಏಳನೆಯ ತರಗತಿಯ ನನ್ನ ಮಗಳು ಸಾನ್ವಿಯ ಶಾಲೆಯಲ್ಲಿ ಚರಿತ್ರೆಯ ಟೀಚರು ಒಂದು ನ್ಯಾಯಾಲಯ ಹೂಡಿದ್ದರು. ಆರೋಪಿ, ಶತಮಾನಗಳ ಹಿಂದಿನ ಈ ನಾವಿಕ. ಚೀಟಿ ಎತ್ತಿದಾಗ ಆರೋಪಿಯ ಕಟಕಟೆ ಸಾನ್ವಿಯ ಪಾಲಿಗೆ ಬಂತು. ಆರೋಪ ಹೊರಿಸುವ ವಕೀಲಿಕೆ ಅವಳ ಜೀವದ ಗೆಳತಿ ಅಮೀನಾಳಿಗೆ ಸಿಕ್ಕಿತು. ಅಮೀನಾಳ ಮನೆಯವರು ಘಾನಾದವರು. ಇಬ್ಬರೂ ಒಂದೇ ಬಸ್ಸಿನ ಒಂದೇ ಸೀಟಿನಲ್ಲಿ ಕುಳಿತು, ಸಾನ್ವಿಯ ಡಬ್ಬಿಯ ನೀರುದೋಸೆ ಹಂಚಿ ತಿಂದು ಬೆಳೆದವರು.

ಕಪ್ತಾನನ ಚರಿತ್ರೆಯನ್ನು ನಾನೂ ಓದಿ ನೋಡಿದೆ. ರಾಣಿಯ ಗುಟ್ಟಿನ ಸಮ್ಮತಿಯನ್ನು ಬೆನ್ನಿಗಿಟ್ಟುಕೊಂಡು ಆತ ಸ್ಪೇನಿನ ಹಡಗುಗಳ ಬೆಳ್ಳಿಬಂಗಾರ ದೋಚಿದ. ದೋಚುತ್ತ ದೋಚುತ್ತ ಭೂಪ್ರದಕ್ಷಿಣೆಯೂ ಆಗಿಹೋಯಿತು. ತವರಿನಲ್ಲಿ ಅವನಿಗೆ ಸರದಾರ ಪದವಿ ಸಿಕ್ಕಿತು, ಸ್ಪೇನಿನಲ್ಲಿ ಅವನ ಹೆಸರು ಹೇಳಿ ಮಕ್ಕಳನ್ನು ಹೆದರಿಸಿದರಂತೆ. ನೈಫ್‌ನ ಕಾರ್ಗೋ ಆಫೀಸಿನಲ್ಲಿ ದಿನವಿಡೀ ಕಾಗದಕ್ಕೆ ಮೊಹರು ಒತ್ತುವ ನನಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಮೊಹರು ಬಿದ್ದರೆ ಸರಕು, ಬೀಳದಿದ್ದರೆ ಕಳ್ಳಸಾಗಣೆ. ವೀಸಾದ ಮೊಹರಿನ ಕೃಪೆಯಲ್ಲಿ ಬದುಕುವ ನಮಗಂತೂ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ತಮಾಷೆಯೆಂದರೆ, ಇದೇ ಇಂಗ್ಲಿಷರು ಮುಂದೆ ನಾವೀಗ ಬಾಡಿಗೆ ಕೊಟ್ಟುಕೊಂಡು ಕುಳಿತಿರುವ ಈ ಕರಾವಳಿಗೆ ತಮ್ಮ ನಕಾಶೆಯಲ್ಲಿ ಕಡಲ್ಗಳ್ಳರ ತೀರವೆಂದು ಹೆಸರು ಬರೆದರು. ತಮ್ಮವನಿಗೆ ಪದವಿ, ಪರರಿಗೆ ಹಣೆಪಟ್ಟಿ!

ಹರೆಯದಲ್ಲಿ ಈತ ಬಂಧುವೊಬ್ಬನ ಜೊತೆಗೂಡಿ ಆಫ್ರಿಕಾದ ತೀರದಿಂದ ಜನರನ್ನು ಹಡಗಿಗೆ ತುಂಬಿಸಿಕೊಂಡು ಹೋಗಿ ಮಾರಿದ್ದ ಎಂಬುದನ್ನೂ ಓದಿದೆ. ಓದಿ, ಪುಟ ಮಗುಚಿದೆ.

"ಪಪ್ಪ, ಹಿ ಈಸ್ ಎ ಥೀಫ್. ಇವನ ಪರ ನಾನು ಎಂತ ಹೇಳುವುದು?" ಎಂದು ಸಾನ್ವಿ ಮುಖ ಸಣ್ಣದು ಮಾಡಿದಳು. ನನಗೋ ಕುಳಿತಲ್ಲೇ ಉತ್ಸಾಹ ಉಕ್ಕಿತು. ಮಿತ್ರರೇ, ನಾನು ತಾಳಮದ್ದಳೆಯ ಹುಚ್ಚಿನವನು. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ್ಯ ಹಾಡುತ್ತಾರೆ, ನಾವು ಪಂಚೆಯುಟ್ಟು ಕುಳಿತು ಪಾತ್ರವೇ ಆಗಿ, ಬರೆದದ್ದನ್ನು ನೋಡದೆ ವಾದಿಸುತ್ತೇವೆ, ಅದಕ್ಕೇ ಅರ್ಥಗಾರಿಕೆ ಎನ್ನುವುದು. ಕರಾಮದ ಹೋಟೆಲೊಂದರ ಮಾಳಿಗೆಯಲ್ಲಿ ಆದಿತ್ಯವಾರ ಸಂಜೆ ನಮ್ಮ ಕೂಟ ಸೇರುತ್ತದೆ. ಖಳರ ಪಾತ್ರಗಳೆಲ್ಲ ನನಗೇ ಮೀಸಲು. ಇಂಥವನ ಮಗಳು ಕಟಕಟೆಯಲ್ಲಿ ತೊದಲುವುದುಂಟೇ?

ಖಳನ ಅರ್ಥಗಾರಿಕೆಯ ಮರ್ಮಗಳನ್ನೆಲ್ಲ ಧಾರೆಯೆರೆದೆ. ತಪ್ಪೊಪ್ಪಿಕೊಳ್ಳಬಾರದು. ಮೊದಲು ತನ್ನ ಹಿರಿಮೆ ಹೇಳಬೇಕು. ಪ್ರಶ್ನೆ ಬಂದರೆ ಉತ್ತರ ಕೊಡದೆ, ಕೇಳಿದವರ ಯೋಗ್ಯತೆಯನ್ನೇ ಪ್ರಶ್ನಿಸಬೇಕು. ಅಡುಗೆಮನೆಯಿಂದ ಇದನ್ನೆಲ್ಲ ಕೇಳಿಸಿಕೊಂಡ ಶಶಿಕಲಾ, "ಎಂತ ಮಾರಾಯ್ರೇ, ಮಗುವಿಗೆ ಕದಿಯುವುದೊಂದು ಬಿಟ್ಟು ಉಳಿದದ್ದೆಲ್ಲ ಕಲಿಸಿ ಆಯ್ತಲ್ಲ" ಎಂದಳು. ನಾನು ಅದನ್ನು ಪ್ರಶಂಸೆಯೆಂದೇ ತೆಗೆದುಕೊಂಡೆ.

ಸಾನ್ವಿ ಗೆದ್ದಳು. ಸಹಪಾಠಿಗಳೇ ಪಂಚರು, ಕಪ್ತಾನ ನಿರ್ದೋಷಿಯೆಂದು ಕೈಯೆತ್ತಿದರಂತೆ, ಟೀಚರೂ ಬೆನ್ನು ತಟ್ಟಿದರಂತೆ. ನಾನು ಸಂಭ್ರಮದಿಂದ ಜಿಲೇಬಿ ತಂದರೆ ಮಗಳು ಮುಟ್ಟಲಿಲ್ಲ. ಮರುದಿನ ಬಸ್ಸಿನಲ್ಲಿ ಅಮೀನಾ ಬೇರೆ ಸೀಟು ಹಿಡಿದಳು, ಅದರ ಮರುದಿನವೂ. ನೀರುದೋಸೆ ಹಾಗೆಯೇ ತಿರುಗಿ ಬರತೊಡಗಿತು.

ಕೊನೆಗೆ ಸಾನ್ವಿ ತಾಯಿಯ ಮುಂದೆ ಬಾಯಿಬಿಟ್ಟಳು. ಅಮೀನಾ ಬೆಳ್ಳಿಬಂಗಾರದ ಸುದ್ದಿಯನ್ನೇ ಎತ್ತಿರಲಿಲ್ಲ. ನೀನು ಮಾರಿದ ಜನರ ಹೆಸರೇನು ಎಂದಷ್ಟೇ ಕೇಳಿದ್ದಳು. ನನ್ನ ಶಿಷ್ಯೆ ಕಲಿತದ್ದನ್ನು ಮರೆಯದೆ, ನಿನಗೆ ಪ್ರಶ್ನೆ ಕೇಳುವ ಪರವಾನಗಿ ಕೊಟ್ಟ ರಾಣಿ ಯಾರು ಎಂದು ಇಲ್ಲದ ಮೀಸೆ ತಿರುವಿದಳು. ತರಗತಿಯೆಲ್ಲ ನಕ್ಕಿತು. ಅಮೀನಾ ಕುಳಿತುಬಿಟ್ಟಳು.

ರಾತ್ರಿ ಶಶಿಕಲಾ ಇದನ್ನೆಲ್ಲ ನನಗೆ ಹೇಳಿದಳು. ಕರಾಮದ ಮಾಳಿಗೆಯಲ್ಲಿ ನಾನು ಎಂಥೆಂಥ ಅಧರ್ಮವನ್ನು ಸಮರ್ಥಿಸಿಲ್ಲ! ಆದರೆ ನಾನು ಎಷ್ಟೇ ಮೆರೆದರೂ ಭಾಗವತರು ಮುಂದಿನ ಪದ್ಯ ಎತ್ತಿಕೊಳ್ಳುತ್ತಾರೆ, ಪ್ರಸಂಗದ ಪ್ರಕಾರ ನಾನು ಸಾಯಲೇಬೇಕು. ಆ ಧೈರ್ಯದಲ್ಲೇ ನಾವು ಖಳರು ಅಷ್ಟು ಚೆಂದಕ್ಕೆ ಮಾತಾಡುವುದು. ಮಗಳಿಗೆ ಗೆಲ್ಲುವ ವಿದ್ಯೆಯನ್ನೆಲ್ಲ ಕೊಟ್ಟು, ಭಾಗವತರಿಲ್ಲದ ಕಟಕಟೆಗೆ ಅವಳೊಬ್ಬಳನ್ನೇ ಹತ್ತಿಸಿದ್ದೆ. ಸೋಲಿಸುವವರಿಲ್ಲದೆ ಕಪ್ತಾನ ಅಲ್ಲಿಂದಲೂ ಗೆದ್ದು ಹೊರಟ. ಚರಿತ್ರೆಯಲ್ಲಿ ಅವನ ಕೀರ್ತಿ ಉಳಿದುಕೊಂಡದ್ದೂ ಬಹುಶಃ ಹೀಗೆಯೇ ಇರಬೇಕು.

ಮಗಳಿಗೆ ಹೇಗೆ ಹೇಳಲಿ ಎಂದು ನಾನು ತಡಕಾಡುತ್ತಿರುವಾಗ ಅವಳೇ ಬಂದು ಎದುರಿನ ಕುರ್ಚಿಯಲ್ಲಿ ಕುಳಿತಳು. ಮಾತುಮಾತಿಗೂ ಇಂಗ್ಲಿಷ್ ಬೆರೆಸುವ ಹುಡುಗಿ ಅಂದು ಪೂರ್ತಿ ಕನ್ನಡದಲ್ಲೇ ಶುರುಮಾಡಿದಳು.

"ಪಪ್ಪ, ಈಗ ನೀವು ಕಪ್ತಾನ. ನಾನು ಅಮೀನಾ. ನೀವು ಮಾರಿದ್ದೀರಲ್ಲ, ಅವರಲ್ಲಿ ಒಬ್ಬರ ಹೆಸರು ಹೇಳಿ."

ನಾನು ಬಾಯಿ ತೆರೆದೆ. ಭೂಪ್ರದಕ್ಷಿಣೆ, ರಾಣಿಯ ಸಮ್ಮತಿ, ಕಾಲಧರ್ಮ, ಎಲ್ಲ ನಾಲಿಗೆಯ ತುದಿಗೆ ಬಂದು ನಿಂತವು. ಒಂದು ಹೆಸರು ಮಾತ್ರ ಬರಲಿಲ್ಲ. ಖಳ ಸೋತಿದ್ದ.

ಸಾನ್ವಿ ತಾಯಿಯ ಫೋನೆತ್ತಿಕೊಂಡು ಬಾಲ್ಕನಿಗೆ ಹೋದಳು. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಅಮೀನಾಳಿಗೆ ಅವಳು ಇಂಗ್ಲಿಷಿನಲ್ಲಿ ಹೇಳುತ್ತಿದ್ದುದು ಒಳಗೆ ಕೇಳಿಸಿತು: ನೀನು ಕೇಳಿದ್ದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ, ಅದಕ್ಕೇ ಎಲ್ಲರನ್ನೂ ನಗಿಸಿದೆ, ನಮ್ಮಪ್ಪನನ್ನೂ ಕೇಳಿ ನೋಡಿದೆ, ಅವರಿಗೂ ಗೊತ್ತಿಲ್ಲ.