ಹಿಂದಿನ ಗಾಲಿಯ ಗಟ್ಟಿ ರಬ್ಬರ್

ಮಾವ, ನಿಮ್ಮ ಕೈಗೆ ವಯಸ್ಸಾಗಿರಲಿಲ್ಲ. ತಪ್ಪು ನನ್ನದು — ನಿಮ್ಮ ಹಳೆಯ ಬುಲೆಟ್ಟಿನ ಹಿಂದಿನ ಗಾಲಿಗೆ ನಾನು ರೈಸ್ ಮಿಲ್ಲಿನ ರಬ್ಬರ್ ತುಂಬಿದ್ದೆ. ಇಷ್ಟು ವರ್ಷ ಆ ಮಾತನ್ನೂ ನುಂಗಿಕೊಂಡು, ನಿಮ್ಮ ಮನೆಯ ಹೋಳಿಗೆಯನ್ನೂ ನುಂಗಿದ್ದೇನೆ.

ಅಂದು ನೀವು ಬೇವೂರಿನಿಂದ ಗಂಗಾವತಿಯ ನಮ್ಮ ಮನೆಗೆ ಗಾಡಿ ತಂದು, "ಹಿಂದಿನ ಗಾಲಿ ಕಟಕಟ ಅಂತೈತಿ, ಸ್ವಲ್ಪ ನೋಡ್ರಿ ಅಳಿಯಾರ" ಎಂದು ಬಿಟ್ಟು ಹೋದಿರಿ. ಬಿಚ್ಚಿದೆ. ಎಂಜಿನ್ನಿನ ಎಳೆತ ಒಮ್ಮೆಲೇ ಗಾಲಿಗೆ ಬಡಿಯದಂತೆ ಗಾಲಿಯ ನಡುವಿನ ಹಬ್‌ನೊಳಗೆ ಮೆತ್ತನೆಯ ರಬ್ಬರ್ ತುಂಡುಗಳಿರುತ್ತವಲ್ಲ — ಅವು ಪುಡಿಪುಡಿಯಾಗಿದ್ದವು. ಹೊಸವನ್ನು ತರಿಸಬೇಕಿತ್ತು. ಆದರೆ ನಾನು ರೈಸ್ ಮಿಲ್ಲಿನ ಫಿಟ್ಟರ್. ಭತ್ತದ ಹೊಟ್ಟು ಬಿಡಿಸಿ ಸವೆದ ರೋಲರಿನ ರಬ್ಬರ್ ನಮ್ಮಲ್ಲಿ ಎಲ್ಲದಕ್ಕೂ ಬರುತ್ತದೆ. ಬಾಗಿಲಿಗೂ ಅದೇ, ಮಂಚದ ಕಾಲಿಗೂ ಅದೇ. ಅದನ್ನೇ ಕತ್ತರಿಸಿ, ಸುತ್ತಿಗೆಯಿಂದ ಬಡಿದು ಕೂರಿಸಿದೆ. ಕಲ್ಲಿನಷ್ಟು ಗಟ್ಟಿ, ಜನ್ಮದಲ್ಲಿ ಸವೆಯುವುದಿಲ್ಲ ಎಂದು ಹೆಮ್ಮೆಪಟ್ಟೆ. ಅಲ್ಲಿ ಬೇಕಾದದ್ದು ಗಟ್ಟಿತನವಲ್ಲ ಎಂದು — ಹೊಳೆಯಲಿಲ್ಲ. ಓಡಿಸಿಯೂ ನೋಡಲಿಲ್ಲ.

ಆಮೇಲೆ ನೀವು ಕ್ಲಚ್ ಬಿಟ್ಟಾಗಲೆಲ್ಲ ಗಾಡಿ ಹೋರಿಯಂತೆ ಜಿಗಿಯತೊಡಗಿತು. ಹಿಂದೆ ಕೂತ ಅತ್ತೆಯವರು ಒಮ್ಮೆ ಹಿಂದಕ್ಕೆ, ಒಮ್ಮೆ ನಿಮ್ಮ ಬೆನ್ನಿಗೆ. ಕುಷ್ಟಗಿ ಸಂತೆಯಿಂದ ಬರುವಾಗ ಅವರ ಚೀಲದ ಬದನೆಕಾಯಿ ದಾರಿ ತುಂಬ ಉರುಳಿದವು. ಮದುವೆಯಾದಾಗಿನಿಂದ ನಿಮ್ಮ ಹೆಗಲು ಹಿಡಿದೇ ಸಂತೆಗೆ ಹೋದವರು ಅಂದು ಮನೆಯ ಕಟ್ಟೆಯ ಮೇಲೆ ಕೂತು, ನನ್ನೆದುರೇ ತೀರ್ಪು ಕೊಟ್ಟರು: "ನನ್ನ ಕೆಡವಾಕಂತನ ಹಿಂಗ ಮಾಡಾಕ ಹತ್ಯಾರ. ನಾ ಇನ್ನ ಬಸ್ಸಿಗೆ ಹೋಗ್ತೀನಿ."

ನೀವು ನನ್ನ ಮುಖ ನೋಡಿದಿರಿ. "ಗಾಡ್ಯಾಗ ಏನರ ಐತೇನ್ರಿ?"

ರಬ್ಬರ್ ಬಗ್ಗುತ್ತಿಲ್ಲ ಎಂಬುದು ಆ ಕ್ಷಣವೇ ಹೊಳೆದಿತ್ತು. ಹೇಳಬಹುದಿತ್ತು. ಆದರೆ ಆಗಷ್ಟೇ ಪಕ್ಕದ ಮನೆಯವರಿಗೆ ನೀವು "ನಮ್ಮ ಅಳಿಯಾರ ಕೈ ಭಾಳ ಛಲೋ" ಎಂದಿದ್ದಿರಿ — ಆ ಹೊಗಳಿಕೆಯನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ.

"ಗಾಡಿ ಛಲೋ ಐತ್ರಿ ಮಾವಾರ. ವಯಸ್ಸಾತಲ್ರಿ, ಕ್ಲಚ್ ಬಿಡೋ ಕೈ ಬಿಗಿ ಆಗೈತಿ."

ನೀವು ನಂಬಿದಿರಿ. ಈಗ ಚುಚ್ಚುವುದು ಅದೇ. ಕೈಗೆ ಎಳ್ಳೆಣ್ಣೆ ತಿಕ್ಕಿಕೊಂಡಿರಿ. ಅಂಗಳದಲ್ಲಿ ಎಮ್ಮೆಯ ಎದುರು ಕ್ಲಚ್ ಹಿಡಿದು ಬಿಡುವ ಅಭ್ಯಾಸ ಮಾಡಿದಿರಿ. ಎಮ್ಮೆ ಬೆದರಿ ಹಾಲು ಕಡಿಮೆ ಮಾಡಿತು, ಅದಕ್ಕೂ ನೀವೇ ಬೈಸಿಕೊಂಡಿರಿ. ಸಂತೆಯ ದಿನ ಅತ್ತೆ ಬಸ್ಸಿನಲ್ಲಿ, ಬಸ್ಸಿನ ಹಿಂದೆ ಖಾಲಿ ಸೀಟಿನ ಗಾಡಿಯಲ್ಲಿ ನೀವು — ಅದನ್ನು ಕಂಡು ನಾನು ನಕ್ಕಿದ್ದೆ. ಹೌದು, ನಕ್ಕಿದ್ದೆ.

ಹೋದ ವಾರ ಕೀಲಿಯನ್ನು ನನ್ನ ಕೈಗಿಟ್ಟಿರಿ. "ನೀವ ಇಟ್ಕೊರಿ. ಹಿಂದ ಕುಂದ್ರವ್ರ ಇಲ್ಲಂದ ಮ್ಯಾಲ ನನಗ್ಯಾಕ?" ನಿಮ್ಮ ಮಗಳನ್ನು ಕೂರಿಸಿಕೊಂಡು ಹೊರಟೆ. ಊರು ದಾಟುವ ಮೊದಲೇ ಅವಳ ಹಣೆ ನನ್ನ ಬೆನ್ನಿಗೆ ಬಡಿಯಿತು. "ನಿಮಗೂ ಅಪ್ಪನಂಗ ವಯಸ್ಸಾತೇನ್ರಿ?" ಎಂದಳು.

ಮನೆಗೆ ಬಂದವನೇ ಗಾಲಿ ಬಿಚ್ಚಿದೆ. ನನ್ನ ತುಂಡುಗಳು ಹಾಕಿದಂತೆಯೇ ಇದ್ದವು, ಒಂದಿಷ್ಟೂ ಸವೆದಿರಲಿಲ್ಲ. ಈಗ ಸರಿಯಾದ ರಬ್ಬರ್ ಹಾಕಿದ್ದೇನೆ. ಗಾಡಿ ತಣ್ಣಗೆ ಹೊರಡುತ್ತದೆ. ಸಂತೆಯ ದಿನ ಬೇವೂರಿಗೆ ತರುತ್ತೇನೆ. ಆದರೆ ಕೀಲಿ ಮೊದಲು ಕೊಡುವುದಿಲ್ಲ — ಕೊಟ್ಟರೆ ನೀವು ಒಂದು ಸುತ್ತು ಹೋಗಿ ಬಂದು ಮತ್ತೆ ನನ್ನ ಕೈಯನ್ನೇ ಹೊಗಳುತ್ತೀರಿ, ನಾನು ಮತ್ತೆ ಸುಮ್ಮನಿದ್ದುಬಿಡುತ್ತೇನೆ. ನನ್ನ ಬುದ್ಧಿ ನನಗೆ ಗೊತ್ತು. ಅದೇ ಕಟ್ಟೆಯ ಮೇಲೆ, ಅತ್ತೆಯವರ ಎದುರು, ಆ ಗಟ್ಟಿ ತುಂಡುಗಳನ್ನಿಟ್ಟು ಮೊದಲು ಇದೆಲ್ಲ ಹೇಳುತ್ತೇನೆ. ಆಮೇಲೆ ಕೀಲಿ. ಅವರು ನಿಮ್ಮ ಹಿಂದೆ ಹತ್ತಿ ಕೂತರೂ ಸರಿ, ಕೂರದಿದ್ದರೂ ಸರಿ — ಗಾಡಿ ನಿಮ್ಮಲ್ಲೇ ಬಿಟ್ಟು ನಾನು ಬಸ್ಸಿಗೆ ಹೋಗುತ್ತೇನೆ.