ಗಂಗುಲಪ್ಪನ ಹೆದರಿಕೆ

ಶಿಡ್ಲಘಟ್ಟದಲ್ಲಿ ಎಲೆಕ್ಟ್ರಾನಿಕ್ಸ್ ರಿಪೇರಿ ಮಾಡುವ ಗಂಗುಲಪ್ಪನಷ್ಟು ಕರೆಂಟಿಗೆ ಹೆದರುವವನನ್ನು ನಾನು ಕಂಡಿಲ್ಲ. ಟಾರ್ಚಿನ ಸೆಲ್ಲನ್ನೂ ಆತ ಚೇಳಿನಂತೆ ಹಿಡಿಯುತ್ತಾನೆ. ರೇಷ್ಮೆ ಬಿಚ್ಚುವ ಬೇಸಿನ್ನಿನಲ್ಲಿ ನೀರು ಇಳಿದರೆ ಗಂಟೆ ಬಾರಿಸುವ ಪೆಟ್ಟಿಗೆ ಮಾಡುವಾಗಲಂತೂ ಅವನಿಗೆ ಊಟ ಸೇರದು. ಪೆಟ್ಟಿಗೆಯಿಂದ ನೀರಿಗೆ ಇಳಿಬಿಟ್ಟ ತಂತಿಯಲ್ಲಿ ಹರಿಯುವುದು ಅತಿ ಸಣ್ಣ ಕರೆಂಟು. ಅದಕ್ಕೂ ಕಂಬದಿಂದ ಬರುವ ಕರೆಂಟಿಗೂ ನಡುವೆ ಗೋಡೆಯಾಗಿರುವುದು ಬೆಳಕಿನಿಂದಷ್ಟೇ ಸುದ್ದಿ ದಾಟಿಸುವ, ಹುಣಸೆಬೀಜದಷ್ಟು ದೊಡ್ಡ ಆಪ್ಟೋ ಐಸೊಲೇಟರ್. ಆ ಸಣ್ಣ ಕರೆಂಟಿಗೇ ಒಳಗಿನ ದೀಪ ಬೆಳಗುವಂಥ ಐಸೊಲೇಟರೇ ಬೇಕೆಂದು ಒಂದೊಂದನ್ನೂ ಪರೀಕ್ಷಿಸಿ ಪಕ್ಕಕ್ಕಿಡುತ್ತಾನೆ. “ಏನಣ್ಣ, ಮಗಳಿಗೆ ಗಂಡು ಹುಡುಕ್ತಿದೀಯಾ?” ಎಂದು ನೂಲು ಬಿಚ್ಚುವ ಶಕೀಲಾ ನಗುತ್ತಾಳೆ. “ಕರೆಂಟ್ ಒಂಚೂರು ಜಾಸ್ತಿ ಕೊಡಪ್ಪ, ಯಾವುದಾದ್ರೂ ಹತ್ತುತ್ತೆ” ಎನ್ನುತ್ತಾರೆ ಆ ರೇಷ್ಮೆ ಕಾರ್ಖಾನೆಯ ಮಾಲೀಕ ದಸ್ತಗಿರ್ ಸಾಬರು. “ದಿನವೆಲ್ಲ ನೀರಲ್ಲಿ ಕೈ ಇಡೋರು ಈ ಹೆಣ್ಮಕ್ಕಳು, ನೀವಲ್ಲ ಸಾಬ್ರೇ” ಎಂದು ಗಂಗುಲಪ್ಪ ಸಿಡುಕುತ್ತಾನೆ. ಕೊನೆಗೊಂದನ್ನು ಒಪ್ಪಿ ಬೆಸುಗೆ ಹಾಕಿದ ಮೇಲೂ ಅವನ ತುಟಿ ಒಣಗಿರುತ್ತದೆ. ಹೆಂಗಸರನ್ನೆಲ್ಲ ಹೊರಗೆ ಕಳಿಸಿ, ಚಪ್ಪಲಿ ಬಿಟ್ಟು ಒದ್ದೆ ನೆಲದ ಮೇಲೆ ನಿಂತು, ಬೇಸಿನ್ನಿನ ನೀರಲ್ಲಿ ತೇಲುವ ರೇಷ್ಮೆಗೂಡುಗಳ ನಡುವೆ ಎರಡೂ ಕೈ ಅದ್ದಿ, ಕಣ್ಣು ಮುಚ್ಚಿ, “ಈಗ ಹಾಕಿ ಸಾಬ್ರೇ” ಎನ್ನುತ್ತಾನೆ. ಸ್ವಿಚ್ಚಿನ ಮೇಲೆ ಬೆರಳಿಟ್ಟ ಸಾಬರು ಅದನ್ನು ಒತ್ತಲಾರದೆ ನಿಲ್ಲುತ್ತಾರೆ.