ಸುಧಾಳ ಪರವಾಗಿ ನಾನು

ಇವತ್ತು ಬೆಳಿಗ್ಗೆ ನನ್ನ ಬಿ.ಪಿ. ರಿಪೋರ್ಟು ಹುಡುಕುತ್ತಿದ್ದಾಗ ಬೀರುವಿನ ತಳದಿಂದ ತಂಗಿ ಸುಧಾಳ ಹಳೆಯ ಆಸ್ಪತ್ರೆ ಫೈಲು ಕೈಗೆ ಬಂತು. ಮೇಲೆ ನನ್ನ ಹೆಸರು, ನನ್ನ ಫೋನ್ ನಂಬರು, ದಪ್ಪಕ್ಷರದಲ್ಲಿ. ರೋಗಿಯ ಹೆಸರು ಮೂಲೆಯಲ್ಲಿ, ಪೆನ್ಸಿಲಿನಲ್ಲಿ. ಕಾಯಿಲೆ ಅವಳದು, ಯಜಮಾನಿಕೆ ನನ್ನದು.

ಮನಸ್ಸಿನ ಕಾಯಿಲೆಗೆ ನಮ್ಮ ಬಂಧುಬಳಗದಲ್ಲಿ ಸಿದ್ಧೌಷಧಗಳಿವೆ, ನಿಮಗೂ ಗೊತ್ತಿರಬೇಕು. ಮದುವೆಯಾಗಿಲ್ಲವೇ, ಮದುವೆ. ಆಗಿದೆಯೇ, ಮಗು. ಅದೂ ಆಗಿದೆಯೇ, ಇನ್ನೊಂದು. ಸುಧಾಳಿಗೆ ಮೊದಲನೆಯದನ್ನು ಕೊಟ್ಟಾಗಿತ್ತು. "ಒಂದು ಮಗು ಆಗ್ಲಿ ಕಣಮ್ಮ, ಎಲ್ಲಾ ಸರಿಹೋಯ್ತದೆ. ಆ ಮಾತ್ರೆ ಬುಟ್ಬುಡು," ಎಂದರು ಸರಸ್ವತಿಪುರಂನ ಅವಳತ್ತೆ. ಬಿಟ್ಟಳು. ತಿಂಗಳೊಪ್ಪತ್ತಿನಲ್ಲಿ ನಿದ್ದೆ ಅವಳನ್ನು ಬಿಟ್ಟಿತು. ಕೊನೆಗೆ ಅಡುಗೆಮನೆ ಬಾಗಿಲ ಹಿಂದೆ ಕೂತವಳು ಎರಡು ದಿನ ಏಳಲಿಲ್ಲ.

ಅವಳ ಅತ್ತೆಮನೆಯಿಂದ ಫೋನು ಬಂತು, ಅವಳನ್ನು ಆಸ್ಪತ್ರೆಗೆ ಕರೆದೊಯ್ಯಲು ಫೈಲು ಹಿಡಿದು ಹೊರಟೆ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಅಂತ ಅರ್ಧ ದಾರಿಯಿಂದ ಆಟೋ ತಿರುಗಿಸುವವನು ನಾನು. ಆದರೂ ಜನ ತಲೆ ಸರಿಯಿಲ್ಲ ಅಂದದ್ದು ಅವಳಿಗೆ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಅವಳ ಕಡೆ ತಿರುಗಿ ಕೇಳಿದರು: "ನಿದ್ದೆ ಹೇಗಿದೆಯಮ್ಮ?"

"ಬರ್ತಿಲ್ಲ ಡಾಕ್ಟ್ರೇ," ಎಂದೆ ನಾನು.

"ಮುಟ್ಟು ಸರಿಯಾಗಿ ಆಗ್ತಿದೆಯಾ?"

ಅದಕ್ಕೂ ಬಾಯಿ ತೆರೆದೆ ಅಂದರೆ ನೀವು ನಂಬಬೇಕು.

"ನಿಮಗೆ ಮಗು ಬೇಕು ಅಂತ ಇದೆಯಾ?"

"ಬೇಕು ಡಾಕ್ಟ್ರೇ. ಮನೇಲಿ ಎಲ್ಲರಿಗೂ ಆಸೆ."

ಅವರು ಪೆನ್ನು ಕೆಳಗಿಟ್ಟರು. "ಹೆರೋರು ನೀವಾ ಸಾರ್? ಹಾಗಿದ್ರೆ ಮಾತ್ರೆ ನಿಮಗೇ ಬರೀತೀನಿ. ಇಲ್ಲಾಂದ್ರೆ ಕೆಳಗೆ ಕ್ಯಾಂಟೀನಿದೆ, ಕಾಫಿ ಚೆನ್ನಾಗಿರುತ್ತೆ."

ಕಾಫಿ ಚೆನ್ನಾಗಿರಲಿಲ್ಲ. ಎರಡು ಕುಡಿದೆ.

ವಾಪಸು ಆಟೋದಲ್ಲಿ ಸುಧಾ ತಾನಾಗಿಯೇ ಹೇಳಿದಳು: "ಈಗ ಬೇಡ ಅಂದೆ ಅಣ್ಣ. ಮೊದಲು ನಾನು ಸರಿಹೋಗ್ಬೇಕು. ಅಲ್ಲೀವರೆಗೂ ಬಸಿರಾಗದ ಹಾಗೆ ಏನ್ಮಾಡ್ಬೇಕು ಅಂತ ಹೇಳಿಕೊಟ್ರು. ಬೇಕು ಅನ್ನಿಸಿದಾಗ ಮೊದಲೇ ತಿಳಿಸಿದ್ರೆ, ಮಗೂಗೆ ತೊಂದ್ರೆ ಆಗದಂಥ ಮಾತ್ರೆ ನೋಡಿ ಬದಲಾಯಿಸ್ತಾರಂತೆ." ಒಂದು ಸಿಗ್ನಲ್ ದಾಟಿದ ಮೇಲೆ ಮತ್ತೆ, "ನಿನಗೆ ಬೇಕಾ ಅಂತ ಇಷ್ಟು ವರ್ಷದಲ್ಲಿ ಕೇಳಿದೋರು ಇವರೊಬ್ರೇ."

ನಾನು ಗಂಭೀರವಾಗಿ ತಲೆಯಾಡಿಸಿ, ಗ್ಯಾಸಿನ ಬಗ್ಗೆ ಯೋಚಿಸಿದೆ.

ಅವಳು ಹೊಸ ಫೈಲು ಮಾಡಿಕೊಂಡಳು. ಹಳೆಯದು ನನ್ನಲ್ಲೇ ಉಳಿಯಿತು. ಆಮೇಲೆ ಮಗು ಆಯಿತೇ ಅಂತ ನನ್ನನ್ನು ಕೇಳಬೇಡಿ. ಕೇಳಲೇಬೇಕೆಂದರೆ ಅವಳನ್ನೇ ಕೇಳಿ.

ಇವತ್ತು ಮಧ್ಯಾಹ್ನ ನನ್ನ ಬಿ.ಪಿ. ತೋರಿಸಲು ಜೊತೆಗೆ ಬಂದವಳು ಅವಳೇ. "ನಿದ್ದೆ ಹೇಗಿದೆ ಸಾರ್?" ಎಂದರು ಡಾಕ್ಟರು. ನಾನು ಸುಧಾಳ ಮುಖ ನೋಡಿದೆ. ಅವಳು ಎದ್ದು ನಿಂತಳು.

"ಕಾಫಿ ಕುಡಿದು ಬರ್ತೀನಿ ಅಣ್ಣ."

ಬಾಗಿಲು ಮುಚ್ಚಿತು.

"ಬರ್ತಿಲ್ಲ ಡಾಕ್ಟ್ರೇ," ಎಂದೆ.